ಕ್ಲಿನಿಕ್ಕಿನಲ್ಲಿ 158, ಮನೆಯಲ್ಲಿ 130: ಅಮ್ಮನ ಬಿಪಿ ನಿಜಕ್ಕೂ ಎಷ್ಟು?

ಪ್ರಶ್ನೆ: ನನ್ನ ತಾಯಿಗೆ 61 ವರ್ಷ, ತಿಪಟೂರಿನಲ್ಲಿದ್ದಾರೆ. ಮೂರು ತಿಂಗಳ ಹಿಂದೆ ಮಂಡಿನೋವಿಗೆಂದು ಡಾಕ್ಟರ ಹತ್ತಿರ ಹೋದಾಗ ಬಿಪಿ 158/94 ಇತ್ತು. ತಿಂಗಳು ಬಿಟ್ಟು ನೋಡಿದಾಗ 154/90. ಮಾತ್ರೆ ಶುರು ಮಾಡೋಣ ಎಂದರು. ನಾನು ಬೆಂಗಳೂರಿನಿಂದ ಒಂದು ಡಿಜಿಟಲ್ ಮೆಷಿನ್ ತೆಗೆದುಕೊಂಡು ಹೋದೆ. ಮನೆಯಲ್ಲಿ 128/78, 134/82, 126/80 ಹೀಗೆ ಬರುತ್ತದೆ. ಒಂದು ರಾತ್ರಿ ಮಾತ್ರ, ಅರಸೀಕೆರೆಯಲ್ಲಿ ಮದುವೆ ಮುಗಿಸಿ ಬಸ್ಸಿನಲ್ಲಿ ಬಂದ ತಕ್ಷಣ ನೋಡಿದಾಗ, 171/98 ಬಂದು ಎಲ್ಲರೂ ಹೆದರಿದೆವು. ಮೆಡಿಕಲ್ ಸ್ಟೋರಿನವರು ಮನೆ ಮೆಷಿನ್ ನಂಬಬೇಡಿ ಅನ್ನುತ್ತಾರೆ. ಅಮ್ಮ, ಡಾಕ್ಟರ ಮೆಷಿನ್ನೇ ಸರಿ ಇಲ್ಲ ಅನ್ನುತ್ತಾರೆ. ಅಪ್ಪನಿಗೆ (66 ವರ್ಷ) ಅದೇ ಕ್ಲಿನಿಕ್ಕಿನಲ್ಲಿ 132/84 ಇತ್ತು, ಏನೂ ತೊಂದರೆ ಇಲ್ಲ ಎಂದರು. ಅವರನ್ನೂ ಸುಮ್ನೆ ಕೂರಿಸಿ ಮನೆಯಲ್ಲಿ ನೋಡಿದರೆ 148/92. ಮೆಷಿನ್ ಕೆಟ್ಟಿದೆ ಅಂತ ಎದ್ದು ಹೋದರು. ಯಾವುದನ್ನು ನಂಬಬೇಕು? ಅಮ್ಮನಿಗೆ ಮಾತ್ರೆ ಕೊಡಬೇಕೇ, ಬೇಡವೇ?

ಉತ್ತರ: ಮೊದಲು ಮೆಷಿನ್ ವಿಷಯ ಮುಗಿಸಿಬಿಡೋಣ. ಅದು ಕೆಟ್ಟಿರಲಾರದು ಅಂತ ನನಗನ್ನಿಸುತ್ತದೆ. ಕೆಟ್ಟ ತಕ್ಕಡಿ ಏನು ಇಟ್ಟರೂ ಒಂದೇ ಕಡೆಗೆ ವಾಲುತ್ತದೆ, ಅಲ್ವಾ? ನಿಮ್ಮ ಮೆಷಿನ್ ಅಮ್ಮನಿಗೆ ಕ್ಲಿನಿಕ್ಕಿಗಿಂತ ಕಡಿಮೆ ತೋರಿಸಿದೆ, ಅಪ್ಪನಿಗೆ ಜಾಸ್ತಿ ತೋರಿಸಿದೆ. ಒಂದೇ ಮೆಷಿನ್, ಒಂದೇ ಮನೆ, ಎರಡು ದಿಕ್ಕು. ಕ್ಲಿನಿಕ್ಕಿನ ಮೆಷಿನ್ನಿಗೂ ಇದೇ ಮಾತು. ಇಬ್ಬರ ದೇಹವೂ ಎರಡು ಜಾಗದಲ್ಲಿ ಬೇರೆ ಬೇರೆ ಥರ ನಡೆದುಕೊಂಡಿದೆ, ಅಷ್ಟೇ. ಮೆಷಿನ್ ಸರಿ ಇದೆಯೇ ಎಂದು ಖಚಿತ ಮಾಡಿಕೊಳ್ಳುವ ದಾರಿ ಮುಂದೆ ಹೇಳುತ್ತೇನೆ.

ನೀವು ಕೇಳಿದ್ದು ಅಮ್ಮನ ಬಗ್ಗೆ. ಆದರೆ ನಿಮ್ಮ ಪತ್ರ ಓದಿ ಮುಗಿಸಿದಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ಅಪ್ಪ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎತ್ತರವನ್ನು ಒಮ್ಮೆ ಅಳೆದು ಬರೆದಿಟ್ಟ ಹಾಗೆ ಬಿಪಿಯನ್ನು ಬರೆದಿಡಲು ಬರುವುದಿಲ್ಲ. ಹೃದಯ ಒಂದೊಂದು ಸಲ ಬಡಿದಾಗಲೂ ಅದು ಸ್ವಲ್ಪ ಬದಲಾಗುತ್ತದೆ. ರಾತ್ರಿ ನಿದ್ದೆಯಲ್ಲಿ ಹಗಲಿಗಿಂತ ಶೇಕಡ 10ರಿಂದ 20ರಷ್ಟು ಇಳಿಯುತ್ತದೆ. ಬೆಳಗ್ಗೆ ಏಳುವ ಹೊತ್ತಿಗೆ ಏರುತ್ತದೆ. ಚಳಿಗಾಲದಲ್ಲಿ ಸ್ವಲ್ಪ ಜಾಸ್ತಿ, ಬೇಸಿಗೆಯಲ್ಲಿ ಸ್ವಲ್ಪ ಕಡಿಮೆ. ನಿಮ್ಮೂರಿನ ಕೊಬ್ಬರಿ ಹರಾಜು ನೆನಪಿಸಿಕೊಳ್ಳಿ. ಒಂದು ದಿನದ ರೇಟು ಸುಳ್ಳಲ್ಲ, ಅವತ್ತು ಆ ರೇಟಿಗೇ ಮಾಲು ಹೋಗಿರುತ್ತದೆ. ಅದೊಂದನ್ನೇ ಹಿಡಿದುಕೊಂಡು ವರ್ಷದ ಆದಾಯ ಲೆಕ್ಕ ಹಾಕಿದರೆ ಮಾತ್ರ ತಪ್ಪಾಗುತ್ತದೆ. ರಕ್ತನಾಳ, ಹೃದಯ, ಕಿಡ್ನಿ, ಮೆದುಳು ಇವೆಲ್ಲ ಸವೆಯುವುದು ವರ್ಷಗಟ್ಟಲೆ ನಡೆದ ಒತ್ತಡದ ಸರಾಸರಿಗೆ. ನಮಗೆ ಬೇಕಾದದ್ದು ಆ ಸರಾಸರಿ. ಕ್ಲಿನಿಕ್ಕಿನಲ್ಲಿ ಸಿಗುವುದು ಒಂದು ನಿಮಿಷದ ಲೆಕ್ಕ.

ಆ ಒಂದು ನಿಮಿಷ ಹೇಗಿರುತ್ತದೆ ನೋಡಿ. ನಾನು ದಿನಾ ಟೇಬಲ್ಲಿನ ಈ ಕಡೆ ಕೂತು ನೋಡುತ್ತೇನೆ. ಅಮ್ಮ ಟೋಕನ್ ತೆಗೆದುಕೊಂಡು ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂತಿರುತ್ತಾರೆ. ಪಕ್ಕದವರು ತಮ್ಮ ಅತ್ತೆಗೆ ಲಕ್ವ ಹೊಡೆದ ಕಥೆ ಹೇಳಿರುತ್ತಾರೆ. ಹೆಸರು ಕರೆದ ಕೂಡಲೇ ದಡಬಡ ಎದ್ದು, ನೋಯುವ ಮಂಡಿ ಊರಿಕೊಂಡು ಒಳಗೆ ಬರುತ್ತಾರೆ. ಬೆನ್ನಿಗೆ ಒರಗಿಲ್ಲದ ಸ್ಟೂಲಿನ ಮೇಲೆ ಕೂರುತ್ತಾರೆ. ಕೂರುತ್ತಲೇ ನಾವು ಕೈ ಚಾಚಿ ಪಟ್ಟಿ ಕಟ್ಟುತ್ತೇವೆ, ಬ್ಲೌಸಿನ ತೋಳಿನ ಮೇಲೆಯೇ. ಪಟ್ಟಿ ಉಬ್ಬುತ್ತಿರುವಾಗಲೇ "ಏನಮ್ಮ, ಊಟ ಸೇರುತ್ತಾ? ನಿದ್ದೆ ಬರುತ್ತಾ?" ಅಂತ ಕೇಳುತ್ತೇವೆ. ಅವರು ಉತ್ತರ ಹೇಳುತ್ತಾರೆ. ಮಾತಾಡಿದರೇ ಮೇಲಿನ ಅಂಕಿ 10ರಷ್ಟು ಏರಬಹುದು. ಹೊರಗೆ ಇನ್ನೂ 30 ಜನ ಕಾಯುತ್ತಿರುತ್ತಾರೆ. ಎರಡನೇ ಸಲ ನೋಡುವಷ್ಟು ಸಮಯ ಎಲ್ಲಿ? ಚೀಟಿಯಲ್ಲಿ 160/90 ಎಂದು ಬರೆದು ಮುಂದಕ್ಕೆ ಹೋಗುತ್ತೇವೆ. ಹಳೆಯ ಚೀಟಿಗಳಿದ್ದರೆ ತೆಗೆದು ನೋಡಿ, ಬಹಳಷ್ಟು ಬಿಪಿ ಸೊನ್ನೆಯಲ್ಲೇ ಮುಗಿದಿರುತ್ತವೆ: 130/80, 140/90, 150/90. ಯಾರ ಬಿಪಿಯೂ ಹಾಗೆ ಹತ್ತು ಹತ್ತಾಗಿ ಏರಿ ಇಳಿಯುವುದಿಲ್ಲ. ಕಿವಿಯಲ್ಲಿ ಸದ್ದು ಕೇಳುತ್ತಾ ಮುಳ್ಳು ನೋಡಿ ಅವಸರದಲ್ಲಿ ಬರೆಯುವಾಗ ಹತ್ತಿರದ ಹತ್ತಕ್ಕೆ ಹೋಗಿಬಿಡುತ್ತೇವೆ.

ಇದರ ಜೊತೆಗೆ ಭಯ. ಡಾಕ್ಟರ ಮುಂದೆ ಕೂತಾಗ ಎದೆ ಡವಡವ ಅನ್ನದೇ ಇದ್ದರೂ, "ನನಗೇನು ಹೆದರಿಕೆ ಇಲ್ಲ" ಅಂತ ಬಾಯಲ್ಲಿ ಹೇಳಿದರೂ, ದೇಹ ತನ್ನ ಕೆಲಸ ಮಾಡಿರುತ್ತದೆ. 1983ರಲ್ಲಿ ಇಟಲಿಯ ವೈದ್ಯ ಜುಸೆಪ್ಪೆ ಮಾನ್ಚಾ ಮತ್ತು ಅವರ ತಂಡ ಇದನ್ನು ಬಹಳ ಚೆನ್ನಾಗಿ ತೋರಿಸಿದರು. ಆಸ್ಪತ್ರೆಯಲ್ಲಿದ್ದವರ ರಕ್ತನಾಳದೊಳಗೇ ಸಣ್ಣ ಕೊಳವೆ ಇಟ್ಟು ಬಿಪಿಯನ್ನು ಬಿಡದೆ ದಾಖಲಿಸುತ್ತಿದ್ದರು. ಹಾಗೆ ದಾಖಲಾಗುತ್ತಿರುವಾಗ ಒಬ್ಬ ಡಾಕ್ಟರು ಬಂದು ಮಾಮೂಲಿ ಪಟ್ಟಿ ಕಟ್ಟಿ ಬಿಪಿ ನೋಡಬೇಕು. ಡಾಕ್ಟರು ಬಂದ ಒಂದೆರಡು ನಿಮಿಷದಲ್ಲೇ ಮೇಲಿನ ಅಂಕಿ ಸರಾಸರಿ 27, ಕೆಳಗಿನದು 15ರಷ್ಟು ಏರಿತು. ಡಾಕ್ಟರು ಇನ್ನೂ ಅಲ್ಲೇ ಇದ್ದಾಗಲೇ ನಿಧಾನವಾಗಿ ಇಳಿಯತೊಡಗಿತು. ನಿಮ್ಮ ಅಮ್ಮನ 158ರಿಂದ 27 ಕಳೆಯಿರಿ. 131. ಮನೆಯ ಅಂಕಿಯ ಹತ್ತಿರಕ್ಕೇ ಬಂತು. ಎಲ್ಲರಿಗೂ ಇಷ್ಟೇ ಏರುತ್ತದೆ ಅಂತ ಇಲ್ಲ; ಕೆಲವರಿಗೆ ಏರುವುದೇ ಇಲ್ಲ, ಕೆಲವರಿಗೆ ಇನ್ನೂ ಜಾಸ್ತಿ. ಕ್ಲಿನಿಕ್ಕಿನಲ್ಲಿ ಮಾತ್ರ ಹೆಚ್ಚು ಬಂದು ಬೇರೆ ಹೊತ್ತಿನಲ್ಲಿ ಸರಿ ಇರುವುದಕ್ಕೆ ನಾವು ವೈಟ್ ಕೋಟ್ ಬಿಪಿ ಅನ್ನುತ್ತೇವೆ. ಬಿಳಿ ಕೋಟು ಕಂಡಾಗ ಏರುವ ಬಿಪಿ. ನ್ಯೂಯಾರ್ಕಿನ ವೈದ್ಯ ಥಾಮಸ್ ಪಿಕರಿಂಗ್ 1988ರಲ್ಲಿ, ಕ್ಲಿನಿಕ್ಕಿನ ಬಿಪಿ ಗಡಿಯಂಚಿನಲ್ಲಿದ್ದ 292 ಜನರನ್ನು ಪರೀಕ್ಷಿಸಿದಾಗ ಶೇಕಡ 21 ಜನರಿಗೆ ಕ್ಲಿನಿಕ್ಕಿನ ಹೊರಗೆ ದಿನದ ಓಡಾಟದಲ್ಲಿ ಬಿಪಿ ಸರಿಯಾಗಿಯೇ ಇತ್ತು. ಅಂದರೆ ಐವರಲ್ಲಿ ಒಬ್ಬರು.

ಹಾಗಂತ ಕ್ಲಿನಿಕ್ಕಿನ ಅಂಕಿಯನ್ನು ಕಸದ ಬುಟ್ಟಿಗೆ ಹಾಕಬೇಡಿ. ತೋಳಿಗೆ ಪಟ್ಟಿ ಕಟ್ಟಿ ಪಾದರಸದಲ್ಲಿ ಅಳೆಯುವ ಉಪಕರಣವನ್ನು ಇಟಲಿಯ ರೀವಾ ರೋಚಿ 1896ರಲ್ಲಿ ಮಾಡಿದರು. ಸ್ಟೆತಸ್ಕೋಪಿನಲ್ಲಿ ಸದ್ದು ಕೇಳಿ ಮೇಲಿನ, ಕೆಳಗಿನ ಅಂಕಿ ಹಿಡಿಯುವುದನ್ನು ರಷ್ಯಾದ ನಿಕೊಲಾಯ್ ಕೊರೊಟ್ಕೊವ್ 1905ರಲ್ಲಿ ತೋರಿಸಿದರು. ಬಿಪಿ ಮಾತ್ರೆಯಿಂದ ಲಕ್ವ, ಹೃದಯಾಘಾತ ಕಡಿಮೆಯಾಗುತ್ತದೆ ಎಂದು ಗೊತ್ತಾಗಿದ್ದು ಹೆಚ್ಚುಕಮ್ಮಿ ಎಲ್ಲವೂ ಆಸ್ಪತ್ರೆಯಲ್ಲಿ ಅಳೆದ ಅಂಕಿಗಳ ಮೇಲೆ ನಡೆದ ಅಧ್ಯಯನಗಳಿಂದ. ಆ ಅಧ್ಯಯನಗಳಲ್ಲಿ ಅವಸರ ಇರಲಿಲ್ಲ, ಕೂರಿಸಿ, ಎರಡು ಮೂರು ಸಲ ನೋಡಿ ಬರೆಯುತ್ತಿದ್ದರು. ಹಾಗೆ ನೋಡಿದ ಕ್ಲಿನಿಕ್ ಬಿಪಿಗೆ ಬೆಲೆ ಇದೆ. ಇನ್ನೊಂದು ಮಾತು: ಕ್ಲಿನಿಕ್ಕಿನಲ್ಲಿ 180/110 ದಾಟಿದ್ದರೆ ಅಥವಾ ಕಿಡ್ನಿ, ಕಣ್ಣು, ಹೃದಯಕ್ಕೆ ಆಗಲೇ ಪೆಟ್ಟಾಗಿದ್ದರೆ, ಮನೆಯಲ್ಲಿ ವಾರಗಟ್ಟಲೆ ನೋಡುತ್ತಾ ಕೂರಬಾರದು. ನಿಮ್ಮ ಅಮ್ಮನ ಅಂಕಿ ಆ ಮಟ್ಟದ್ದಲ್ಲ. ಅದಕ್ಕೇ ಒಂದು ವಾರ ನೋಡಿ ತೀರ್ಮಾನ ಮಾಡಲು ನಮಗೆ ಸಮಯ ಇದೆ. ಅವರಿಗೆ ಸಕ್ಕರೆ ಕಾಯಿಲೆ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಈ ಸಮಯವನ್ನು ಎಳೆಯಬೇಡಿ.

ಮನೆಯಲ್ಲಿ ಅಳೆಯುವುದು ಈಗಿನ ಫ್ಯಾಷನ್ ಅಂತ ಕೆಲವರು ತಿಳಿದಿದ್ದಾರೆ. 1940ರಲ್ಲೇ ಅಮೆರಿಕದ ಅಯ್ಮನ್ ಮತ್ತು ಗೋಲ್ಡ್‌ಶೈನ್ ಎಂಬ ಇಬ್ಬರು ವೈದ್ಯರು ರೋಗಿಗಳ ಕೈಗೇ ಉಪಕರಣ ಕೊಟ್ಟು, ಮನೆಯ ಅಂಕಿ ಕ್ಲಿನಿಕ್ಕಿಗಿಂತ ಕಡಿಮೆ ಬರುವುದನ್ನು ಬರೆದಿಟ್ಟಿದ್ದರು. ಜಪಾನಿನ ಓಹಾಸಾಮಾ ಎಂಬ ಊರಿನಲ್ಲಿ 1980ರ ದಶಕದ ಕೊನೆಯಿಂದ ಊರಿನವರೇ ಮನೆಯಲ್ಲಿ ಬಿಪಿ ನೋಡಿ ಬರೆದುಕೊಂಡು ಬಂದರು. ಮುಂದೆ ಯಾರಿಗೆ ತೊಂದರೆ ಆಗುತ್ತದೆ ಎಂಬುದನ್ನು ಕ್ಲಿನಿಕ್ಕಿನ ಅಂಕಿಗಿಂತ ಮನೆಯ ಅಂಕಿಯೇ ಚೆನ್ನಾಗಿ ಹೇಳಿತು. ಬ್ರಿಟನ್ನಿನಲ್ಲಿ 2011ರಿಂದ, ಕ್ಲಿನಿಕ್ಕಿನಲ್ಲಿ ಜಾಸ್ತಿ ಬಂದವರಿಗೆ ಕ್ಲಿನಿಕ್ಕಿನ ಹೊರಗೆ ಅಳೆದು ನೋಡಿಯೇ ಬಿಪಿ ಕಾಯಿಲೆ ಎಂದು ಖಚಿತ ಮಾಡುವ ಪದ್ಧತಿ ಬಂದಿದೆ. ಆದ್ದರಿಂದ ಮೆಡಿಕಲ್ ಸ್ಟೋರಿನವರ ಮಾತು ಬಿಡಿ. ಸರಿಯಾದ ಮೆಷಿನ್ನಿನಲ್ಲಿ, ಸರಿಯಾಗಿ ಕೂತು, ಒಂದು ವಾರ ನೋಡಿದ ಮನೆಯ ಬಿಪಿಯನ್ನು ನಾನು ನನ್ನ ಟೇಬಲ್ಲಿನ ಬಿಪಿಗಿಂತ ಹೆಚ್ಚು ನಂಬುತ್ತೇನೆ.

"ಸರಿಯಾಗಿ ಕೂತು" ಅನ್ನುವುದರಲ್ಲೇ ಎಲ್ಲ ಇದೆ. ನಿಮ್ಮ 128, 134, 126 ಯಾವಾಗ, ಹೇಗೆ ನೋಡಿದ್ದು ಅಂತ ನೀವು ಬರೆದಿಲ್ಲ. ಆದ್ದರಿಂದ ಅವನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಶುರು ಮಾಡೋಣ.

ಬೆಳಗ್ಗೆ ಎದ್ದ ಒಂದು ಗಂಟೆಯ ಒಳಗೆ. ಅಮ್ಮ ಬಾತ್‌ರೂಮಿಗೆ ಹೋಗಿ ಬಂದಿರಬೇಕು. ಕಾಫಿ ಕುಡಿದಿರಬಾರದು, ತಿಂಡಿ ಆಗಿರಬಾರದು. ಯಾವುದಾದರೂ ಮಾತ್ರೆ ಇದ್ದರೆ ಅದಕ್ಕೂ ಮೊದಲು. ಅಂಗಳ ಗುಡಿಸಿ, ನೀರು ಹೊತ್ತು ಬಂದ ಕೂಡಲೇ ಬೇಡ. ಅಡುಗೆಮನೆ ಸ್ಟೂಲ್ ಬೇಡ, ತಗ್ಗಾದ ಸೋಫಾ ಬೇಡ. ಬೆನ್ನಿಗೆ ಒರಗು ಇರುವ ಕುರ್ಚಿಯೊಂದನ್ನು ಊಟದ ಟೇಬಲ್ಲಿನ ಪಕ್ಕ ಹಾಕಿ. ನಮ್ಮ ಹೆಂಗಸರಿಗೆ ಕುರ್ಚಿಯ ಮೇಲೂ ಚಕ್ಕಳಮಕ್ಕಳ ಹಾಕುವ ಅಭ್ಯಾಸ. ಇಲ್ಲಿ ಅದು ಬೇಡ, ಎರಡೂ ಪಾದ ನೆಲಕ್ಕೆ ಊರಿರಲಿ. ಕಾಲ ಮೇಲೆ ಕಾಲು ಹಾಕಿದರೂ ಅಂಕಿ ಏರುತ್ತದೆ. ಪಾದ ನೆಲಕ್ಕೆ ಎಟುಕದಿದ್ದರೆ ಮಣೆ ಇಡಿ.

ತೋಳು ಬರಿದಾಗಿರಲಿ. ನೈಟಿಯೋ ಬ್ಲೌಸೋ, ಬಿಗಿಯಾದ ತೋಳನ್ನು ಮೇಲಕ್ಕೆ ಸುತ್ತಿ ಸಿಕ್ಕಿಸಿದರೆ ಅದೇ ಒಂದು ಪಟ್ಟಿ ಕಟ್ಟಿದ ಹಾಗಾಗುತ್ತದೆ. ಸಡಿಲವಾದ ಬಟ್ಟೆ ಹಾಕಿಕೊಳ್ಳಲಿ. ಪಟ್ಟಿಯ ಕೆಳಗಿನ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ. ಕಟ್ಟಿದ ಮೇಲೆ ಅದರೊಳಗೆ ಒಂದೆರಡು ಬೆರಳು ತೂರಬೇಕು. ಕೈಯನ್ನು ಟೇಬಲ್ ಮೇಲೆ ಇಡಲಿ, ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು. ಬರದಿದ್ದರೆ ಕೈ ಕೆಳಗೆ ಒಂದು ದಿಂಬು. ಕೈಯನ್ನು ಹಿಡಿದೆತ್ತಿಕೊಂಡು ಕೂರಬಾರದು, ಅದರ ಭಾರ ಟೇಬಲ್ ಹೊರಬೇಕು. ಇದು ಸಣ್ಣ ವಿಷಯ ಅನ್ನಿಸಬಹುದು. 2024ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಅಳೆದು ನೋಡಿದಾಗ, ಕೈಯನ್ನು ತೊಡೆಯ ಮೇಲೆ ಇಟ್ಟರೆ ಮೇಲಿನ ಅಂಕಿ 4ರಷ್ಟು, ಪಕ್ಕಕ್ಕೆ ಜೋತು ಬಿಟ್ಟರೆ 6ಕ್ಕೂ ಸ್ವಲ್ಪ ಹೆಚ್ಚು ಏರಿ ಬಂತು. ಗಡಿಯ ಮೇಲಿರುವವರಿಗೆ ಮಾತ್ರೆ ಬೇಕೋ ಬೇಡವೋ ಅನ್ನುವುದು ಅಷ್ಟರಲ್ಲೇ ಬದಲಾಗಿಬಿಡುತ್ತದೆ.

ಹೀಗೆ ಎಲ್ಲ ಸಿದ್ಧ ಮಾಡಿಕೊಂಡು ಐದು ನಿಮಿಷ ಸುಮ್ನೆ ಕೂರಬೇಕು. ಟಿವಿ ಆಫ್. ಮೊಬೈಲ್ ಇನ್ನೊಂದು ಕೋಣೆಯಲ್ಲಿ. ಹಾಲಿನವನು ಬಂದರೆ ಬೇರೆಯವರು ಹೋಗಲಿ. ನೀವೂ ಮಾತಾಡಿಸಬೇಡಿ. ಆಮೇಲೆ ಗುಂಡಿ ಒತ್ತಿ. ಅಂಕಿ ಬಂದ ಮೇಲೆ "ಅಯ್ಯೋ 140!" ಅನ್ನಬೇಡಿ, ಎರಡನೇದು ಖಂಡಿತ ಏರುತ್ತದೆ. ಬರೆದುಕೊಂಡು, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಒತ್ತಿ. ಸಾಮಾನ್ಯವಾಗಿ ಮೊದಲನೆಯದು ಸ್ವಲ್ಪ ಜಾಸ್ತಿ ಬರುತ್ತದೆ. 138/84 ಆದಮೇಲೆ 131/80 ಬಂದರೆ ಯಾವುದು ಸರಿ ಎಂದು ಚರ್ಚೆ ಬೇಡ, ಎರಡನ್ನೂ ಬರೆಯಿರಿ. ಸಂಜೆ, ರಾತ್ರಿ ಊಟಕ್ಕೆ ಮೊದಲು ಅಥವಾ ಮಲಗುವ ಮೊದಲು, ಇದೇ ಥರ ಎರಡು ಸಲ. ದಿನಕ್ಕೆ ನಾಲ್ಕು, ಏಳು ದಿನಕ್ಕೆ 28. ಮೊದಲ ದಿನದ ನಾಲ್ಕನ್ನು ಬಿಟ್ಟುಬಿಡಿ. ಅವತ್ತು ಮೆಷಿನ್ ಹೊಸದು, ಮನಸ್ಸಿನಲ್ಲಿ ಆತಂಕ ಇರುತ್ತದೆ. ಉಳಿದ 24ರ ಮೇಲಿನ ಅಂಕಿಗಳನ್ನೆಲ್ಲ ಕೂಡಿ 24ರಿಂದ ಭಾಗಿಸಿ. ಕೆಳಗಿನ ಅಂಕಿಗೂ ಹಾಗೇ. ಆ ಎರಡು ಅಂಕಿಯೇ ಅಮ್ಮನ ಮನೆಯ ಬಿಪಿ.

ಬರೆಯುವುದಕ್ಕೆ ದೊಡ್ಡ ಪುಸ್ತಕ ಬೇಡ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಸಾಕು. ಆದರೆ ಬಂದದ್ದನ್ನು ಬಂದ ಹಾಗೇ ಬರೆಯಿರಿ. 147 ಬಂದಾಗ ಅದನ್ನು ಬಿಟ್ಟು, ಮತ್ತೆ ಮತ್ತೆ ಒತ್ತಿ 132 ಬಂದಾಗ ಬರೆಯುವವರನ್ನು ನಾನು ಬಹಳ ನೋಡಿದ್ದೇನೆ. ಡಾಕ್ಟರಿಗೆ ಒಳ್ಳೆಯ ಮಾರ್ಕ್ಸ್ ಕಾರ್ಡ್ ತೋರಿಸಬೇಕು ಅನ್ನುವ ಆಸೆ. ಅದನ್ನು ನೋಡಿ ನಾನು ಮಾತ್ರೆ ಕಡಿಮೆ ಮಾಡಿದರೆ ನಷ್ಟ ಯಾರಿಗೆ? ಮೆಷಿನ್ನಿನ ಮೆಮೊರಿಯಲ್ಲಿ ಎಲ್ಲ ಉಳಿದಿರುತ್ತದೆ, ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗಿ. ಹಾಗಾಗಿ ಅದೇ ಮೆಷಿನ್ನಿನಲ್ಲಿ ನೆಂಟರು, ಪಕ್ಕದ ಮನೆಯವರೆಲ್ಲ ನೋಡಿಕೊಳ್ಳುವುದು ಆ ವಾರ ಬೇಡ. ಅಪ್ಪನದಕ್ಕೆ ಬೇರೆ ಬಟನ್ ಇದ್ದರೆ ಅದನ್ನು ಬಳಸಿ. ಕೆಲವು ಮೆಷಿನ್ನುಗಳಲ್ಲಿ ಇಬ್ಬರಿಗೆ ಬೇರೆ ಬೇರೆ ಮೆಮೊರಿ ಇರುತ್ತದೆ.

ಈಗ ಆ 171ರ ರಾತ್ರಿ. ಮದುವೆ ಊಟದಲ್ಲಿ ಹಪ್ಪಳ, ಉಪ್ಪಿನಕಾಯಿ, ಕೋಸಂಬರಿ, ಎರಡು ಸಲ ಸಾರು. ಅರಸೀಕೆರೆಯಿಂದ ಬಸ್ಸು, ಬಹುಶಃ ನಿಂತುಕೊಂಡೇ ಬಂದಿರಬಹುದು. ದಾರಿಯಲ್ಲಿ ಹೆಂಗಸರು ಎಲ್ಲಿ ಇಳಿಯುತ್ತಾರೆ? ಮೂತ್ರ ಕಟ್ಟಿಕೊಂಡು ಬಂದಿರುತ್ತಾರೆ. ಅದೊಂದೇ ಬಿಪಿಯನ್ನು 10ರಷ್ಟು ಏರಿಸಬಲ್ಲದು. ಮನೆಗೆ ಬಂದ ತಕ್ಷಣ, ರೇಷ್ಮೆ ಬ್ಲೌಸಿನ ಮೇಲೆ, ಸೋಫಾದಲ್ಲಿ, ಎಲ್ಲರೂ ಸುತ್ತ ನಿಂತು ನೋಡಿದ್ದೀರಿ. 171 ಬರದಿದ್ದರೆ ಆಶ್ಚರ್ಯ. ನನ್ನ ಊಹೆಯ ಒಂದೊಂದು ವಿವರ ತಪ್ಪಿರಬಹುದು, ಆದರೆ "ಬಂದ ತಕ್ಷಣ" ಎಂದು ನೀವೇ ಬರೆದಿದ್ದೀರಿ, ಅಷ್ಟು ಸಾಕು. ಆ ಅಂಕಿ ಸುಳ್ಳಲ್ಲ, ಆ ಹೊತ್ತಿಗೆ ಅದೇ ಇತ್ತು. ಅದರಿಂದ ಕಾಯಿಲೆ ಇದೆ ಅಂತಲೂ ಹೇಳಲಾಗದು, ಮಾತ್ರೆ ಕೊಡಲೂ ಆಗದು.

ಇಂಥ ಅಂಕಿ ಮತ್ತೆ ಬಂದರೆ ಏನು ಮಾಡಬೇಕು ಅನ್ನುವುದು ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. 180/120 ಅಥವಾ ಮೇಲೆ ಬಂತು ಅಂದುಕೊಳ್ಳಿ. ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಒಂದು ಕಡೆ ಕೈಕಾಲಿಗೆ ಬಲ ಇಲ್ಲದಿರುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕಣ್ಣು ಇದ್ದಕ್ಕಿದ್ದಂತೆ ಮಂಜಾಗುವುದು, ಇವುಗಳಲ್ಲಿ ಯಾವುದಿದ್ದರೂ ಮತ್ತೆ ಅಳೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಈ ಲಕ್ಷಣ ಇದ್ದು ಬಿಪಿ ಕಡಿಮೆ ಇದ್ದರೂ ಹಾಗೇ ಮಾಡಿ. ಏನೂ ತೊಂದರೆ ಇಲ್ಲದೆ ಅಂಕಿ ಮಾತ್ರ ಹೆಚ್ಚಿದ್ದರೆ, ಬಾತ್‌ರೂಮಿಗೆ ಹೋಗಿ ಬಂದು, ಐದು ನಿಮಿಷ ಸುಮ್ಮನೆ ಕೂತು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಪಕ್ಕದ ಮನೆಯವರ ಬಿಪಿ ಮಾತ್ರೆ ತಂದು ಕೊಡುವುದು, ನಾಲಿಗೆ ಕೆಳಗೆ ಮಾತ್ರೆ ಇಡುವುದು, ಇದ್ದ ಮಾತ್ರೆಯನ್ನು ಎರಡು ನುಂಗುವುದು, ಇವು ಬೇಡವೇ ಬೇಡ. ಬಿಪಿ ಒಮ್ಮೆಗೇ ಕುಸಿದರೆ ಮೆದುಳಿಗೆ ರಕ್ತ ಸಾಲದೆ ಅದೇ ಲಕ್ವಕ್ಕೆ ಕಾರಣವಾಗಬಹುದು.

ಮೆಷಿನ್ ಬಗ್ಗೆ ಹೇಳುತ್ತೇನೆ ಅಂದಿದ್ದೆ. ತೋಳಿಗೆ ಕಟ್ಟುವುದೇ ಇರಲಿ. ಮಣಿಕಟ್ಟಿನದು ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ತಪ್ಪು ತೋರಿಸುತ್ತದೆ, ಬೆರಳಿನದು ಬೇಡವೇ ಬೇಡ, ವಾಚಿನ ಅಂಕಿ ನೋಡಿ ಮಾತ್ರೆ ತೀರ್ಮಾನ ಮಾಡುವ ಕಾಲ ಇನ್ನೂ ಬಂದಿಲ್ಲ. ಈ ಡಿಜಿಟಲ್ ಮೆಷಿನ್ ಸ್ಟೆತಸ್ಕೋಪಿನ ಹಾಗೆ ಸದ್ದು ಕೇಳುವುದಿಲ್ಲ. ಪಟ್ಟಿ ಸಡಿಲವಾಗುತ್ತಾ ಬಂದಾಗ ನಾಡಿ ಬಡಿದು ಪಟ್ಟಿಯೊಳಗಿನ ಗಾಳಿ ಅದುರುತ್ತದೆ. ಆ ಅದುರು ಎಲ್ಲಿ ಶುರು, ಎಲ್ಲಿ ಅತಿ ಹೆಚ್ಚು, ಎಲ್ಲಿ ಕಡಿಮೆ ಎಂದು ನೋಡಿ ಲೆಕ್ಕ ಹಾಕಿ ಅಂಕಿ ಕೊಡುತ್ತದೆ. ಕೈ ಅಲ್ಲಾಡಿದರೆ, ಮಾತಾಡಿದರೆ, ಆ ಅದುರು ಕಲಸಿಹೋಗುತ್ತದೆ. ನಾಡಿ ಮಿಡಿತವೇ ಏರುಪೇರಾಗಿ ಬಡಿಯುವ ಕಾಯಿಲೆ ಇದ್ದವರಿಗೂ ಅಂಕಿ ಅಷ್ಟು ನಂಬಿಕೆಯದಲ್ಲ, ಅವರಿಗೆ ಮೂರು ಸಲ ನೋಡಿ ಸರಾಸರಿ ತೆಗೆಯಬೇಕು.

ಎಲ್ಲಕ್ಕಿಂತ ಜಾಸ್ತಿ ಮೋಸ ಹೋಗುವುದು ಪಟ್ಟಿಯ ಅಳತೆಯಲ್ಲಿ. ಹೊಲಿಗೆ ಟೇಪು ತೆಗೆದುಕೊಂಡು ಅಮ್ಮನ ತೋಳಿನ ನಡುಭಾಗದ ಸುತ್ತಳತೆ ನೋಡಿ. ನಿಮ್ಮ ಪಟ್ಟಿಯ ಮೇಲೆ 22ರಿಂದ 32 ಸೆಂಟಿಮೀಟರ್ ಅಂತಲೋ, 22ರಿಂದ 42 ಅಂತಲೋ ಮುದ್ರಿಸಿರುತ್ತಾರೆ. ಅಮ್ಮನ ತೋಳು 35 ಇದ್ದು ಪಟ್ಟಿ 32ರವರೆಗಿನದಾದರೆ, ಎಷ್ಟು ಚೆನ್ನಾಗಿ ಕೂತು ನೋಡಿದರೂ ಜಾಸ್ತಿಯೇ ಬರುತ್ತದೆ. 2023ರ ಒಂದು ಅಮೆರಿಕದ ಅಧ್ಯಯನದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಿದ್ದವರಿಗೆ ಮಾಮೂಲಿ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸುಮಾರು 20 ಹೆಚ್ಚು ಬಂತು. ಕ್ಲಿನಿಕ್ಕಿನಲ್ಲೂ ಹೀಗೆ ಆಗಿರಬಹುದು, ಎಷ್ಟೋ ಕಡೆ ಒಂದೇ ಪಟ್ಟಿ ಎಲ್ಲರ ತೋಳಿಗೂ ಸುತ್ತುತ್ತಿರುತ್ತದೆ. ತೆಳ್ಳನೆಯ ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಉಲ್ಟಾ, ಕಡಿಮೆ ತೋರಿಸುತ್ತದೆ.

ಮೊದಲ ದಿನ ಎರಡೂ ತೋಳಿನಲ್ಲಿ ನೋಡಿ. ಯಾವ ಕಡೆ ಜಾಸ್ತಿಯೋ ಮುಂದೆ ಆ ತೋಳನ್ನೇ ಬಳಸಿ. ಎರಡರ ನಡುವೆ ಪ್ರತಿ ಸಲವೂ 15ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಡಾಕ್ಟರಿಗೆ ಹೇಳಿ, ರಕ್ತನಾಳ ಕಿರಿದಾಗಿರಬಹುದು. ಡಾಕ್ಟರ ಹತ್ತಿರ ಹೋದಾಗ ನಿಮ್ಮ ಮೆಷಿನ್ನನ್ನೂ ಅವರ ಉಪಕರಣವನ್ನೂ ಒಂದೇ ತೋಳಿನಲ್ಲಿ, ಒಂದಾದ ಮೇಲೊಂದು, ಒಂದು ನಿಮಿಷ ಬಿಟ್ಟು ಬಳಸಿ ನೋಡಲು ಕೇಳಿ. ಐದಾರು ಅಂಕಿ ಹಿಂದೆ ಮುಂದೆ ಇದ್ದರೆ ಚಿಂತೆ ಇಲ್ಲ. ಪ್ರತಿ ಸಲವೂ 10ಕ್ಕಿಂತ ದೂರ ಇದ್ದರೆ ಮೆಷಿನ್ ಬದಲಾಯಿಸಿ. ವರ್ಷಕ್ಕೊಮ್ಮೆ ಹೀಗೆ ಮಾಡಿದರೆ ಸಾಕು.

ಸರಿ, ವಾರ ಮುಗಿಯಿತು, ಸರಾಸರಿ ಬಂತು. ಈಗ ಅದನ್ನು ಯಾವ ಗೆರೆಯ ಜೊತೆ ಹೋಲಿಸಬೇಕು? ಇಲ್ಲಿ ಬಹಳ ಜನ ಎಡವುತ್ತಾರೆ. ಕ್ಲಿನಿಕ್ಕಿನಲ್ಲಿ ಗೆರೆ 140/90. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಅದನ್ನೇ ನೋಡುತ್ತಾರೆ. ಮನೆಯಲ್ಲಿ ಗೆರೆ 135/85. ಮನೆಯಲ್ಲಿ ಸಹಜವಾಗಿ ಕಡಿಮೆ ಬರುವುದರಿಂದ ಗೆರೆಯೂ ಕೆಳಗಿದೆ. ಮನೆಯಲ್ಲಿ ಸರಾಸರಿ 138/86 ಬಂದವರು "140 ಒಳಗಿದೆ, ಸರಿಯಾಗಿದೆ" ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಅದು ಸರಿಯಾಗಿಲ್ಲ. ಅಮೆರಿಕದಲ್ಲಂತೂ 2017ರಿಂದ ಎರಡೂ ಕಡೆ 130/80 ಅನ್ನೇ ಗೆರೆ ಮಾಡಿಕೊಂಡಿದ್ದಾರೆ. ಅಲ್ಲಿರುವ ನಿಮ್ಮ ನೆಂಟರು ಫೋನಿನಲ್ಲಿ ಬೇರೆ ಅಂಕಿ ಹೇಳಿದರೆ ಗಾಬರಿ ಬೇಡ, ಕಾರಣ ಇದು.

ಅಮ್ಮನ ಸರಾಸರಿ ನೀವು ಬರೆದ ಹಾಗೆ 130/80ರ ಆಸುಪಾಸಿನಲ್ಲೇ ಬಂದರೆ, ಅವರದು ವೈಟ್ ಕೋಟ್ ಬಿಪಿ ಇರಬಹುದು. ಬೇರೆ ಕಾಯಿಲೆ ಇಲ್ಲದಿದ್ದರೆ ಆಗ ಮಾತ್ರೆಗೆ ಅವಸರ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸಂಶಯ ಉಳಿದರೆ 24 ಗಂಟೆ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವ ಮೆಷಿನ್ ಇದೆ, ಹಗಲು ರಾತ್ರಿ ತಾನೇ ಅಳೆದು ಬರೆದಿಡುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಆದರೆ ಇದನ್ನು ಹಿಡಿದುಕೊಂಡು "ನಮ್ಮಮ್ಮನಿಗೆ ಬಿಪಿನೇ ಇಲ್ಲ" ಅಂತ ಮರೆತುಬಿಡಬೇಡಿ. ಇಂಥವರಲ್ಲಿ ಹಲವರಿಗೆ ಕೆಲವು ವರ್ಷಗಳಲ್ಲಿ ನಿಜವಾದ ಬಿಪಿಯೇ ಬರುತ್ತದೆ. ಆರು ತಿಂಗಳಿಗೊಮ್ಮೆ, ಕೊನೆಪಕ್ಷ ವರ್ಷಕ್ಕೊಮ್ಮೆ ಈ ಏಳು ದಿನದ ಲೆಕ್ಕ ಮತ್ತೆ ಮಾಡಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಹಪ್ಪಳ ಉಪ್ಪಿನಕಾಯಿ ಎಲ್ಲ ಸೇರಿ ಒಂದು ಟೀ ಚಮಚಕ್ಕಿಂತ ಕಡಿಮೆ. ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ನಿಮ್ಮ ಡಾಕ್ಟರು ಹೇಳಿದ್ದೇ ಸರಿ. ಹಿಂಜರಿಯದೆ ಮಾತ್ರೆ ಶುರು ಮಾಡಿಸಿ.

ಮಂಡಿನೋವು ಅಂದಿರಲ್ಲ, ಅಲ್ಲೊಂದು ಪ್ರಶ್ನೆ ಇದೆ. ಆ ತಿಂಗಳು ಅಮ್ಮ ನೋವಿನ ಮಾತ್ರೆ ನುಂಗುತ್ತಿದ್ದರೇ? ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ದೇಹದಲ್ಲಿ ಉಪ್ಪು ನೀರು ಹಿಡಿದಿಟ್ಟು ಬಿಪಿ ಏರಿಸುತ್ತವೆ. ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಂಡದ್ದಾದರೂ ಡಾಕ್ಟರಿಗೆ ಹೇಳಿ. ಹೀಗೆ ನೋವಿನ ಮಾತ್ರೆ ನಿಲ್ಲಿಸಿದ ಮೇಲೆ ಬಿಪಿ ತಾನಾಗಿಯೇ ಇಳಿದವರನ್ನು ನಾನು ಕಂಡಿದ್ದೇನೆ. ನೆಗಡಿಗೆ ಮೂಗು ಬಿಡಿಸುವ ಮಾತ್ರೆಗಳೂ ಕೆಲವರಿಗೆ ಹೀಗೆ ಮಾಡುತ್ತವೆ.

ವಾರ ಮುಗಿದ ಮೇಲೆ ಮೆಷಿನ್ನನ್ನು ಬೀರುವಿನಲ್ಲಿ ಇಡಿ. ತಲೆ ಸ್ವಲ್ಪ ಭಾರ ಆದಾಗ, ಮಗಳ ಜೊತೆ ಜಗಳ ಆದಾಗ, ರಾತ್ರಿ ನಿದ್ದೆ ಬರದಾಗ ತೆಗೆದು ಒತ್ತುತ್ತಾ ಹೋದರೆ ಪ್ರತಿ ಅಂಕಿಯೂ ಹಿಂದಿನದಕ್ಕಿಂತ ಏರುತ್ತದೆ, ಹೆದರಿಕೆಯೂ ಏರುತ್ತದೆ. ಹಾಗೆ ರಾತ್ರಿ 2 ಗಂಟೆಗೆ ಹನ್ನೊಂದು ಸಲ ನೋಡಿಕೊಂಡು ನನಗೆ ಫೋನ್ ಮಾಡಿದವರಿದ್ದಾರೆ. ಅವರಿಗೆ ಬೇಕಿದ್ದದ್ದು ಮಾತ್ರೆ ಅಲ್ಲ, ಜೊತೆಯಲ್ಲಿ ಕೂತು ಸಮಾಧಾನ ಹೇಳುವ ಒಂದು ಜೀವ.

ಈಗ ಅಪ್ಪ. ಕ್ಲಿನಿಕ್ಕಿನಲ್ಲಿ ಸರಿ, ಮನೆಯಲ್ಲಿ ಜಾಸ್ತಿ. ಇದಕ್ಕೆ ಮರೆಯಲ್ಲಿರುವ ಬಿಪಿ ಅನ್ನುತ್ತೇವೆ. ಅಮ್ಮನದಕ್ಕಿಂತ ಇದು ಅಪಾಯ, ಏಕೆಂದರೆ ಯಾರೂ ಹುಡುಕುವುದಿಲ್ಲ. ಡಾಕ್ಟರು ಸರಿ ಇದೆ ಅಂದಿರುತ್ತಾರೆ, ಮನೆಯವರು ನಂಬಿರುತ್ತಾರೆ, ರಕ್ತನಾಳ ಮಾತ್ರ ದಿನಾ ಏಟು ತಿನ್ನುತ್ತಿರುತ್ತದೆ. ಹೃದಯಾಘಾತ, ಲಕ್ವದ ಅಪಾಯ ಎರಡೂ ಕಡೆ ಬಿಪಿ ಜಾಸ್ತಿ ಇರುವವರಿಗೆ ಎಷ್ಟಿರುತ್ತದೋ ಹೆಚ್ಚುಕಮ್ಮಿ ಅಷ್ಟೇ ಇವರಿಗೂ ಇರುತ್ತದೆ. ಗಂಡಸರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ, ಸಂಜೆ ಕುಡಿಯುವವರಲ್ಲಿ, ಕೆಲಸದ ಒತ್ತಡ ಇರುವವರಲ್ಲಿ ಇದು ಹೆಚ್ಚು. ಬೀಡಿ ಸೇದಿದಾಗ ಬಿಪಿ ಏರಿ ಸುಮಾರು ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಒಂದು ಗಂಟೆ ಬೀಡಿ ಇಲ್ಲದೆ ಕೂತವರ ಬಿಪಿ ಚೆನ್ನಾಗಿಯೇ ಕಾಣುತ್ತದೆ.

ಹಲವು ವರ್ಷಗಳ ಹಿಂದೆ ಹಿಟ್ಟಿನ ಗಿರಣಿ ನಡೆಸುವ ಒಬ್ಬರು ನನ್ನ ಹತ್ತಿರ ಬರುತ್ತಿದ್ದರು. ಯಾವಾಗ ನೋಡಿದರೂ 130, 134. ನಾನೂ ಸರಿ ಇದೆ ಎಂದು ಕಳಿಸುತ್ತಿದ್ದೆ. ಒಮ್ಮೆ ಮೆಟ್ಟಿಲು ಹತ್ತಿದರೆ ಏದುಸಿರು ಅಂತ ಬಂದಾಗ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆ. ಹೃದಯದ ಗೋಡೆ ದಪ್ಪಗಾಗಿತ್ತು, ವರ್ಷಗಟ್ಟಲೆ ಬಿಪಿ ಇದ್ದವರ ಹೃದಯದ ಹಾಗೆ. ಮನೆಗೆ ಒಂದು ಮೆಷಿನ್ ಕೊಟ್ಟು ಕಳಿಸಿದೆ. ಅವರ ಹೆಂಡತಿ ರೇಷನ್ ಕಾರ್ಡಿನ ಜೆರಾಕ್ಸ್ ಹಾಳೆಯ ಹಿಂದೆ ಏಳು ದಿನದ್ದೂ ನೀಟಾಗಿ ಬರೆದು ತಂದರು. ಬೆಳಗ್ಗೆ 140ರ ಸುತ್ತ, ಗಿರಣಿ ಮುಚ್ಚಿ ಬಂದ ಮೇಲೆ ಸಂಜೆ 155, 158, 152. ಆ ಹಾಳೆ ನೋಡಿದ ದಿನದಿಂದ, ಕ್ಲಿನಿಕ್ಕಿನಲ್ಲಿ 130 ದಾಟಿದ ಯಾರನ್ನೂ ನಾನು ಮನೆಯ ಅಂಕಿ ಕೇಳದೆ ಕಳಿಸಿಲ್ಲ.

ನಿಮ್ಮ ಅಪ್ಪನದು ಒಂದೇ ಒಂದು ಅಂಕಿ, ಅದೂ ಸುಮ್ನೆ ಕೂರಿಸಿ ನೋಡಿದ್ದು. ಅದರ ಮೇಲೆ ನಾನು ತೀರ್ಪು ಕೊಡಲಾರೆ. ಆದರೆ ಅವರಿಗೂ ಆ ಏಳು ದಿನ ಬೇಕೇ ಬೇಕು. "ನಿಮಗೆ ಬಿಪಿ ಇದೆ" ಅಂದರೆ ಅವರು ಮತ್ತೆ ಎದ್ದು ಹೋಗುತ್ತಾರೆ. "ಅಮ್ಮ ಒಬ್ಬರೇ ಕೂರಲ್ಲ ಅಂತಿದ್ದಾರೆ, ಜೊತೆಗೆ ನೀವೂ ಕೂತ್ಕೊಳ್ಳಿ" ಅನ್ನಿ. ಕ್ಯಾಲೆಂಡರಿನಲ್ಲಿ ಎರಡು ಕಾಲಂ ಹಾಕಿಕೊಡಿ, ಒಬ್ಬರದನ್ನು ಇನ್ನೊಬ್ಬರು ಬರೆಯಲಿ. ಎಂಟನೇ ದಿನ ಕ್ಯಾಲೆಂಡರ್ ಹಾಳೆ, ಮೆಷಿನ್, ನೋವಿನ ಮಾತ್ರೆಯ ಚೀಟಿ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಅದೇ ಡಾಕ್ಟರ ಹತ್ತಿರ ಹೋಗಿ. ಟೋಕನ್ ಮಾತ್ರ ಎರಡು ತೆಗೆದುಕೊಳ್ಳಿ.